32ರಲ್ಲಿ ನಾಟಕ ಹಿಡಿಯುವುದಿಲ್ಲ

ಕೀಬೋರ್ಡಿನ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವ ಅಂಕಿ ಒಂದು, ಸ್ಟೇಜಿನ ಮೇಲೆ ಮಾಸ್ತರನ ಮಾನ ಉಳಿಸುವ ಅಂಕಿ ಇನ್ನೊಂದು. ಯಮಾಹಾ ಪಿಎಸ್ಆರ್-ಇ463 ಮಾದರಿಯಲ್ಲಿ ಮೊದಲನೆಯದು 758, ಎರಡನೆಯದು 32. ಅದರ ನಂತರ ಬಂದ ಇ473ರಲ್ಲಿ 758 ಹೋಗಿ 820 ಆಯಿತು, ರಿದಂಗಳು 235ರಿಂದ 290ಕ್ಕೆ ಏರಿದವು. 32 ಮಾತ್ರ 32ರಲ್ಲೇ ನಿಂತಿತು. 758, 820 ಎಂಬುವು ಟೋನುಗಳ ಸಂಖ್ಯೆ. 32 ಎಂಬುದು ಮೆಮರಿ, ಅಂದರೆ ಮಾಸ್ತರ ಹೊಂದಿಸಿಟ್ಟ ಟೋನು, ರಿದಂ, ವೇಗ, ಶ್ರುತಿಗಳನ್ನೆಲ್ಲ ಒಟ್ಟಿಗೆ ಹಿಡಿದಿಟ್ಟು ಒಂದೇ ಗುಂಡಿಗೆ ವಾಪಸ್ ಕೊಡುವ ಜಾಗಗಳ ಸಂಖ್ಯೆ. 4 ಗುಂಡಿ, 8 ಬ್ಯಾಂಕು. 4 ಗುಣಿಸು 8, ಮೂವತ್ತೆರಡು.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಜಾತ್ರೆ ಬಂತೆಂದರೆ ನಾಟಕ, ಗಣಪತಿ ಕೂತನೆಂದರೆ ರಸಮಂಜರಿ, ಸೋಮವಾರ ಬಂತೆಂದರೆ ಭಜನೆ. ಮೂರಕ್ಕೂ ಒಬ್ಬ ಕ್ಯಾಸಿಯೋ ಮಾಸ್ತರ ಬೇಕು. ವಾದ್ಯ ಯಾವ ಕಂಪನಿಯದಾದರೂ ಊರಿನ ಬಾಯಲ್ಲಿ ಅದು ಕ್ಯಾಸಿಯೋ. ಬಾರಿಸುವವನು ಕ್ಯಾಸಿಯೋ ಮಾಸ್ತರ. ಅವನು ಹೊಸ ವಾದ್ಯ ಕೊಳ್ಳಲು ಹುಬ್ಬಳ್ಳಿಗೋ ದಾವಣಗೆರೆಗೋ ಹೋದಾಗ ಅಂಗಡಿಯವ ತೋರಿಸುವುದು ಮೊದಲನೆಯ ಅಂಕಿಯನ್ನು. ಅವನು ಕೇಳಬೇಕಾದ್ದು ಎರಡನೆಯದನ್ನು. ಅದು ಯಾಕೆಂದು ಲೆಕ್ಕ ಹಾಕಿ ನೋಡುವ ಬರಹ ಇದು.

ಕತ್ತಲಲ್ಲಿ 20 ಗುಂಡಿ

ಮೆಮರಿ ಬಳಸದೆ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸಲ ಬೆರಳು ಊರಬೇಕು? ಅಂಕಿ ಗುಂಡಿಗಳಿರುವ ಮಾದರಿಯನ್ನೇ ತೆಗೆದುಕೊಳ್ಳಿ. ರಿದಂ ಬದಲಿಸಲು ರಿದಂ ಗುಂಡಿ 1, ಮೇಲೆ 3 ಅಂಕಿ: ಒಟ್ಟು 4. ಟೋನಿಗೆ ಅದೇ ರೀತಿ 4. ಕೊಳಲಿನ ಜೊತೆಗೆ ಪಿಟೀಲು ಕೂಡಿಸಬೇಕೆಂದರೆ ಎರಡನೇ ಟೋನಿಗೆ ಇನ್ನೊಂದು 4. ವೇಗಕ್ಕೆ 4. ಹಾಡುವವರು ಬದಲಾದರೆ ಶ್ರುತಿ ಏರಿಳಿಸಲು ಕಡಿಮೆಯೆಂದರೂ 4. ಅಲ್ಲಿಗೆ 20 ಆಯಿತು. ರಿದಮಿನ ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿಗಳನ್ನು ಇನ್ನೂ ಸೇರಿಸಿಲ್ಲ. ಬೆಳಕೆಲ್ಲ ಹಾಡುವವರ ಮುಖದ ಮೇಲಿರುತ್ತದೆ, ಮಾಸ್ತರನ ಮೂಲೆಯಲ್ಲಿ ಮಬ್ಬು. ಕಣ್ಣು ಕಿರಿದು ಮಾಡಿ, ಪರದೆಯ ಅಂಕಿ ನೋಡಿ, ಗುಂಡಿ ಹುಡುಕಿ ಒತ್ತಲು ಒಂದಕ್ಕೆ 2 ಸೆಕೆಂಡು ಹಿಡಿದರೂ 40 ಸೆಕೆಂಡು. ಒಂದು ಸಲ ತಪ್ಪಿ ತಿದ್ದಿಕೊಂಡರೆ 45.

ರಸಮಂಜರಿಯಲ್ಲಿ 30 ಹಾಡು ಎನ್ನಿ. ನಡುವೆ 29 ಸಂದು. 29 ಗುಣಿಸು 45 ಅಂದರೆ 1,305 ಸೆಕೆಂಡು, 21 ನಿಮಿಷ 45 ಸೆಕೆಂಡು. ಮೆಮರಿಯಲ್ಲಿ ಇಟ್ಟಿದ್ದರೆ ಒಂದೇ ಬ್ಯಾಂಕಿನೊಳಗೆ 1 ಗುಂಡಿ, ಬ್ಯಾಂಕು ಬದಲಾದರೆ 3. ಉಸಿರು ಎಳೆದುಕೊಳ್ಳಲು ಸೇರಿ 5 ಸೆಕೆಂಡು ಕೊಟ್ಟರೂ 29 ಸಂದಿಗೆ 145 ಸೆಕೆಂಡು, ಅಂದರೆ 2 ನಿಮಿಷ 25 ಸೆಕೆಂಡು. ಉಳಿದದ್ದು 19 ನಿಮಿಷ 20 ಸೆಕೆಂಡು. ಐದು ನಿಮಿಷದ ಹಾಡಾದರೆ ಹೆಚ್ಚುಕಡಿಮೆ 4 ಹಾಡು.

ಈ 19 ನಿಮಿಷವನ್ನು ನಿರೂಪಕ ತುಂಬುತ್ತಾನೆ ಅನ್ನಬಹುದು. ತುಂಬುತ್ತಾನೆ, ನಿಜ. ಆದರೆ ಎಂಟನೇ ಸಂದು ಮುಗಿಯುವ ಹೊತ್ತಿಗೆ ಅವನ ನಗೆಹನಿಗಳೂ ಮುಗಿದಿರುತ್ತವೆ. ಮುಂದಿನ ಸಾಲಿನಿಂದ 'ಮಾಸ್ತರ, ಹಚ್ಚ್ರಿ ಇನ್ನ' ಎಂಬ ಕೂಗು ಶುರುವಾಗಿರುತ್ತದೆ.

ಹಾಡಿನ ಒಳಗೇ ಟೋನು ಬದಲಿಸುವಾಗ ಸಮಯ ಇನ್ನೂ ಕಮ್ಮಿ. ನಿಮಿಷಕ್ಕೆ 120 ಮಾತ್ರೆಯ ವೇಗದಲ್ಲಿ ನಾಲ್ಕು ಮಾತ್ರೆಯ ಒಂದು ಸುತ್ತು ಸರಿಯಾಗಿ 2 ಸೆಕೆಂಡು. ವೇಗ 160ಕ್ಕೆ ಏರಿದರೆ ಒಂದೂವರೆ. ಪಲ್ಲವಿಯ ಕೊಳಲು ಬಿಟ್ಟು ನಡುವಿನ ಸಂಗೀತಕ್ಕೆ ಶಹನಾಯಿ ಹಿಡಿಯಲು ಮಾಸ್ತರನಿಗಿರುವ ಬಿಡುವು ಇಷ್ಟೇ. ಒಂದೂವರೆ ಸೆಕೆಂಡಿನಲ್ಲಿ 4 ಗುಂಡಿ ಒತ್ತುವ ಬೆರಳು ಯಾರಿಗೂ ಇಲ್ಲ. 1 ಗುಂಡಿ ಒತ್ತುವುದು ಎಲ್ಲರಿಂದಲೂ ಆಗುತ್ತದೆ.

ನಾಟಕಕ್ಕೆ 34

ಹಾನಗಲ್ ತಾಲ್ಲೂಕಿನ ಶೇಷಗಿರಿ ರಂಗಭೂಮಿಯಿಂದಲೇ ಹೆಸರಾದ ಹಳ್ಳಿ. ಅಷ್ಟು ಹೆಸರಿಲ್ಲದಿದ್ದರೂ ವರ್ಷಕ್ಕೊಂದು ಸಾಮಾಜಿಕ ನಾಟಕ ಕಟ್ಟುವ ಊರುಗಳು ನಾಲ್ಕೂ ತಾಲ್ಲೂಕಿನಲ್ಲಿ ತುಂಬಾ ಇವೆ. ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಕಾಲದಲ್ಲಿ ನಾಟಕವೆಂದರೆ ಕಾಲಪೇಟಿ, ಅಂದರೆ ಕಾಲಿನಿಂದ ತುಳಿಯುವ ಹಾರ್ಮೋನಿಯಂ. ಮೂರೂವರೆ ಸಪ್ತಕದ ಹಾರ್ಮೋನಿಯಮ್ಮಿಗೆ 42 ಮನೆ, ಎರಡು ಸಾಲಿನ ರೀಡಾದರೆ 84 ರೀಡು. ಟೋನು ಬದಲಿಸಲು ಎಳೆಯುವ ನಾಲ್ಕಾರು ಗುಂಡಿ. ಸ್ಕೇಲ್ ಚೇಂಜರ್ ಇದ್ದರೆ 9 ಅಥವಾ 13 ಶ್ರುತಿ. ಮೆಮರಿ ಪೂರ್ತಿ ಮಾಸ್ತರನ ತಲೆಯಲ್ಲಿ.

ಈಗಿನ ಕೀಬೋರ್ಡಿನಲ್ಲಿ 61 ಮನೆ, 5 ಸಪ್ತಕ. ಶ್ರುತಿಯನ್ನು ಕೆಳಕ್ಕೆ 12, ಮೇಲಕ್ಕೆ 12, ಸೊನ್ನೆ ಸೇರಿ 25 ಸ್ಥಾನಕ್ಕೆ ಸರಿಸಬಹುದು. ಒಂದು ನಾಟಕವನ್ನು ಇದರಲ್ಲಿ ಕೂರಿಸೋಣ. 12 ಹಾಡು ಇರಲಿ. ಹಾಡಿಗೆ ಕನಿಷ್ಠ 2 ಮೆಮರಿ ಬೇಕು, ಒಂದು ಆರಂಭ ಮತ್ತು ಪಲ್ಲವಿಗೆ, ಇನ್ನೊಂದು ನಡುವಿನ ಸಂಗೀತಕ್ಕೆ. 24 ಆಯಿತು. ಮೇಲೆ ನಾಂದಿ. ನಾಯಕನ ಪ್ರವೇಶ, ಖಳನಾಯಕನ ಪ್ರವೇಶ, ತಾಯಿಯ ಕಣ್ಣೀರು, ಹಾಸ್ಯ, ಪ್ರೇಮ, ಹೊಡೆದಾಟ, ಗುಡುಗು-ಮಳೆ, ಸಸ್ಪೆನ್ಸ್, ಪರದೆ ಬೀಳುವ ಸದ್ದು: ಇವು 9. ನಾಂದಿ ಸೇರಿ 10. ಒಟ್ಟು 34.

ಇರುವುದು 32. ಎರಡು ಕಡಿಮೆ ಬಿತ್ತು.

ಎರಡೇ ತಾನೇ, ಹೊಂದಿಸಿಕೊಂಡರಾಯಿತು ಅನ್ನಬೇಡಿ. ಕೊನೆಯ ವಾರದ ತಾಲೀಮಿನಲ್ಲಿ ಯಾರೋ ಒಬ್ಬರಿಗೆ ಹೊಸ ಡ್ಯಾನ್ಸ್ ಹಾಡು ಬೇಕಾಗುತ್ತದೆ. ಆಗ ಮಾಸ್ತರ ಮಾಡುವುದು ಒಂದೇ, ಹಳೆಯ ಜಾಗದ ಮೇಲೆ ಹೊಸದನ್ನು ಬರೆಯುವುದು. ಈ ಸಣ್ಣ ಮಾದರಿಗಳು 'ಹಳೆಯದನ್ನು ಅಳಿಸಲೇ?' ಎಂದು ಕೇಳುವುದಿಲ್ಲ. ಮೆಮರಿ ಗುಂಡಿ ಹಿಡಿದು ಅಂಕಿ ಒತ್ತಿದರೆ ಮುಗಿಯಿತು, ಮೊದಲಿದ್ದದ್ದು ಹೋಯಿತು. ನಾಂದಿ ಇದ್ದ ಜಾಗದಲ್ಲಿ ಡ್ಯಾನ್ಸ್ ಹಾಡು ಕೂತದ್ದು ಗೊತ್ತಾಗುವುದು ಪೂಜೆಯ ಆರತಿ ಎತ್ತಿದಾಗ.

ಕಡಿತಕ್ಕೆ ದಾರಿ ಇದೆ. ದುಃಖದ ಹಾಡಿಗೆ ಇಟ್ಟ ಮೆಮರಿಯನ್ನೇ, ರಿದಂ ನಿಲ್ಲಿಸಿ, ತಾಯಿಯ ಕಣ್ಣೀರಿಗೂ ಬಳಸಬಹುದು; ಪ್ರೇಮದ ಸೀನಿಗೆ ಯುಗಳಗೀತೆಯದ್ದು ಸಾಕು. ಅಲ್ಲಿಗೆ 34 ಇಳಿದು 32. ಲೆಕ್ಕ ಕೂಡಿತು, ಖಾಲಿ ಜಾಗ ಸೊನ್ನೆ. ಖಾಲಿ ಜಾಗವಿಲ್ಲದ ವಾದ್ಯ ಹಿಡಿದು ಜಾತ್ರೆಗೆ ಹೋಗುವುದು ಸ್ಟೆಪ್ನಿ ಇಲ್ಲದ ಟೆಂಪೋದಲ್ಲಿ ಹೋದ ಹಾಗೆ.

ದೊಡ್ಡ ಮಾದರಿಗಳಲ್ಲಿ ವ್ಯವಸ್ಥೆಯೇ ಬೇರೆ. ಯಮಾಹಾದ ಪಿಎಸ್ಆರ್-ಎಸ್‌ಎಕ್ಸ್900ರಲ್ಲಿ ಮೆಮರಿ ಗುಂಡಿ 8, ಅದರ ಮೇಲಿನ ಜೆನೋಸ್‌ನಲ್ಲಿ 10. ಆದರೆ ಎಂಟನ್ನೋ ಹತ್ತನ್ನೋ ತುಂಬಿ ಒಂದು ಫೈಲಾಗಿ ಹೆಸರಿಟ್ಟು ಉಳಿಸಬಹುದು. ಜಾಗ ಇರುವಷ್ಟೂ ಫೈಲು ಮಾಡಬಹುದು. 34ನ್ನು 8ರಿಂದ ಭಾಗಿಸಿದರೆ 5 ಫೈಲು, 40 ಜಾಗ, 6 ಉಳಿಕೆ. ನನ್ನ ಅಭಿಪ್ರಾಯ ಕೇಳಿದರೆ ಹೀಗೆ ಒತ್ತಾಗಿ ತುಂಬುವುದು ಬೇಡ. ಅಂಕಕ್ಕೆ ಎರಡು ಫೈಲಿನಂತೆ ಮೂರು ಅಂಕಕ್ಕೆ 6 ಫೈಲು ಮಾಡಿ, ಹೊಡೆದಾಟ ಮತ್ತು ಪರದೆಯ ಸದ್ದನ್ನು ಪ್ರತಿ ಫೈಲಿನಲ್ಲೂ 7 ಮತ್ತು 8ನೇ ಗುಂಡಿಗೇ ಇಟ್ಟುಬಿಡಬೇಕು. 48 ಜಾಗದಲ್ಲಿ 12 ಅವಕ್ಕೇ ಹೋಗುತ್ತವೆ. ಉಳಿದ 36ರಲ್ಲಿ ಬಾಕಿ 32 ಕೂತು ನಾಲ್ಕು ಖಾಲಿ ಇರುತ್ತವೆ. ನಟ ಮಾತು ಮರೆತು ಸೀನು ಹಾರಿಸಿದ ರಾತ್ರಿ ಬೆರಳಿಗೆ ಕಣ್ಣಿನ ಸಹಾಯ ಬೇಕಾಗುವುದಿಲ್ಲ.

ಕೋರ್ಗ್ ಕಂಪನಿಯ ಪಿಎ ಸರಣಿಯವರು ಬೇರೆ ದಾರಿ ಹಿಡಿದಿದ್ದಾರೆ. ಪ್ರತಿ ರಿದಮಿಗೂ 4 ಸಿದ್ಧ ಟೋನು-ಜೋಡಣೆ ಅಂಟಿಕೊಂಡೇ ಬರುತ್ತದೆ. ಹಾಡುಗಳನ್ನು ಸಾಂಗ್‌ಬುಕ್ ಎಂಬ ಪಟ್ಟಿಯಲ್ಲಿ ಹೆಸರಿನಿಂದ ಹುಡುಕಬಹುದು. ಹೆಸರಿನಿಂದ ಹುಡುಕುವುದು ರಸಮಂಜರಿಗೆ ಒಳ್ಳೆಯದು. ನಾಟಕಕ್ಕೆ ಅಂಕಿಯೇ ವೇಗ.

ಕರಿ 1, ಕರಿ 4

ರಸಮಂಜರಿಗೆ 30 ಹಾಡು, 32 ಜಾಗ, ಸಾಕು ಅನ್ನಿಸುತ್ತದೆ. ಸಾಕಾಗದಂತೆ ಮಾಡುವುದು ಶ್ರುತಿ. ಗಂಡಸರು ಹೆಚ್ಚಾಗಿ ಕರಿ 1ಕ್ಕೆ, ಅಂದರೆ ಸಪ್ತಕದ ಮೊದಲನೇ ಕಪ್ಪು ಮನೆಗೆ, ಹೆಂಗಸರು ಕರಿ 4ರ ಸುತ್ತ ಹಾಡುತ್ತಾರೆ. ಬಿಳಿ 1ರಲ್ಲೇ ಬಾರಿಸುವ ಮಾಸ್ತರನಿಗೆ ಇದು ಕ್ರಮವಾಗಿ +1 ಮತ್ತು +8, ಅಥವಾ ಎರಡನೆಯದಕ್ಕೆ -4. ಮೆಮರಿಯಲ್ಲಿ ಹಾಡಿನ ಜೊತೆ ಈ ಅಂಕಿಯೂ ಕೂತಿರುತ್ತದೆ. ಅದೇ ಹಾಡನ್ನು ಇವತ್ತು ಇನ್ನೊಬ್ಬ ಗಾಯಕ ಹಾಡುತ್ತೇನೆಂದರೆ? ಎರಡು ಶ್ರುತಿಗೂ ಸಿದ್ಧವಾಗಿರಬೇಕೆಂದರೆ 30 ಗುಣಿಸು 2, ಅರವತ್ತು. 32ರ ವಾದ್ಯ ಅಲ್ಲಿಗೆ ಕೈ ಎತ್ತುತ್ತದೆ.

ದೊಡ್ಡ ಮಾದರಿಯಲ್ಲಿ ಫ್ರೀಜ್ ಎಂಬ ಗುಂಡಿ ಇರುತ್ತದೆ. ಶ್ರುತಿಯನ್ನು ಫ್ರೀಜ್ ಮಾಡಿದರೆ ಮೆಮರಿ ಬದಲಿಸಿದರೂ ಶ್ರುತಿ ಕದಲುವುದಿಲ್ಲ. ಗಾಯಕ ಬದಲಾದಾಗ ಒಮ್ಮೆ ಸರಿಸಿದರೆ ಸಾಕು. 60 ಮತ್ತೆ 30 ಆಗುತ್ತದೆ. ರಿದಮನ್ನೂ ಹೀಗೇ ಫ್ರೀಜ್ ಮಾಡಿ, ತಾಳ ನಡೆಯುತ್ತಿದ್ದಂತೆಯೇ ಟೋನು ಮಾತ್ರ ಬದಲಿಸಬಹುದು. ನನ್ನ ಮಟ್ಟಿಗೆ ಈ ಒಂದು ಗುಂಡಿ 200 ಹೆಚ್ಚುವರಿ ಟೋನಿಗಿಂತ ಬೆಲೆಬಾಳುತ್ತದೆ, ಆದರೆ ಅಂಗಡಿಯಲ್ಲಿ ಇದನ್ನು ತೋರಿಸಿದವರನ್ನು ನಾನು ಕಂಡಿಲ್ಲ.

ಕಾಲಿನಿಂದ ಮೆಮರಿ ಮುಂದಕ್ಕೆ ಹಾಕುವ ಫುಟ್‌ಸ್ವಿಚ್ ವ್ಯವಸ್ಥೆಯೂ ದೊಡ್ಡ ಮಾದರಿಗಳಲ್ಲಿದೆ. ಕ್ರಮ ಮೊದಲೇ ಗಟ್ಟಿಯಾಗಿರುವ ನಾಟಕಕ್ಕೆ ಇದು ಹೇಳಿ ಮಾಡಿಸಿದ್ದು; ಕಾಲಪೇಟಿ ತುಳಿದವರ ಮೊಮ್ಮಕ್ಕಳಿಗೆ ಕಾಲಿಗೆ ಕೆಲಸ ಹೊಸದೂ ಅಲ್ಲ. ರಸಮಂಜರಿಗೆ ಬೇಡ. ಮೂರನೇ ಹಾಡಿಗೇ ಯಾರೋ 100 ರೂಪಾಯಿ ಚೀಟಿ ಹಚ್ಚಿ ಹದಿನೇಳನೇ ಹಾಡು ಕೇಳುತ್ತಾರೆ, ಕ್ರಮ ಮಣ್ಣುಪಾಲು.

ಭಜನೆಯ ಲೆಕ್ಕ ಬೇಗ ಮುಗಿಯುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಷರೀಫರ ತತ್ವಪದ, ಅದೇ ತಾಲ್ಲೂಕಿನ ಬಾಡದಲ್ಲಿ ಕನಕದಾಸರ ಪದ, ಸವಣೂರಿನಲ್ಲಿ ಸತ್ಯಬೋಧರ ವೃಂದಾವನದ ಮುಂದೆ ದಾಸರ ಪದ, ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ವಚನ: ಎಲ್ಲಿ ಕೂತರೂ ಬೇಕಾದ್ದು ಹಾರ್ಮೋನಿಯಂ ಟೋನು, ಹಿಂದೆ ತಂಬೂರಿ, 8 ಮಾತ್ರೆಯ ಕೇರವಾ, 6 ಮಾತ್ರೆಯ ದಾದರಾ, 7 ಮಾತ್ರೆಯದೊಂದು. ನಿಧಾನಕ್ಕೊಂದು, ಜೋರಿಗೊಂದು ಎಂದು ಇಟ್ಟರೂ 6 ಮೆಮರಿ. 32ರ ವಾದ್ಯದಲ್ಲಿ 26 ಖಾಲಿ. ಭಜನಾ ಸಂಘದವರು ಲಕ್ಷದ ವಾದ್ಯ ಕೊಳ್ಳುವುದು ರೊಕ್ಕದ ದಂಡ. ತಬಲಾದವರು ಇದ್ದರಂತೂ ರಿದಮೇ ಬೇಡ.

ರೊಕ್ಕ

ದರಗಳು ಅಂಗಡಿಯಿಂದ ಅಂಗಡಿಗೆ ಬದಲಾಗುವುದರಿಂದ ಲೆಕ್ಕಕ್ಕಾಗಿ ದುಂಡು ಮೊತ್ತ ಹಿಡಿಯುತ್ತೇನೆ, ನಿಮ್ಮ ಊರಿನ ದರ ಹಾಕಿಕೊಂಡು ನೋಡಿ. 32 ಮೆಮರಿಯ ವರ್ಗದ ವಾದ್ಯ 25,000 ರೂಪಾಯಿ. ಫೈಲು ಉಳಿಸುವ, ಫ್ರೀಜ್ ಇರುವ ವರ್ಗದ್ದು 1,18,000. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇಂಥ ವಾದ್ಯಗಳ ಮೇಲೆ ಶೇ 28 ಇತ್ತು, ಅದೇ ವರ್ಷ ನವೆಂಬರಿನಲ್ಲಿ ಶೇ 18ಕ್ಕೆ ಇಳಿಸಿದರು. ಶೇ 18ರ ಲೆಕ್ಕದಲ್ಲಿ ಮೊದಲನೆಯದರೊಳಗೆ ತೆರಿಗೆ 3,814 ರೂಪಾಯಿ, ಎರಡನೆಯದರೊಳಗೆ 18,000.

ಸಣ್ಣದರಲ್ಲಿ ಒಂದು ಮೆಮರಿ ಜಾಗಕ್ಕೆ ಬೀಳುವ ದರ 25,000 ಭಾಗಿಸು 32, ಅಂದರೆ 781 ರೂಪಾಯಿ. ದೊಡ್ಡದರಲ್ಲಿ ನಾಟಕದ 48 ಜಾಗಕ್ಕೆ ಹಂಚಿದರೆ ಜಾಗಕ್ಕೆ 2,458. ತುಟ್ಟಿ ಅನ್ನಿಸುತ್ತದೆ. ಆದರೆ 4 ನಾಟಕ, 2 ರಸಮಂಜರಿಯ ಪಟ್ಟಿ ಸೇರಿ 252 ಜಾಗ ತುಂಬಿದ ದಿನ ಅದು 468ಕ್ಕೆ ಇಳಿದಿರುತ್ತದೆ, ಇಳಿಯುತ್ತಲೇ ಹೋಗುತ್ತದೆ. ವಾದ್ಯದೊಳಗಿನ ಜಾಗ 32ರಲ್ಲೇ ನಿಲ್ಲುವುದರಿಂದ ಸಣ್ಣದರ 781 ಹಾಗೆ ಇಳಿಯುವುದಿಲ್ಲ. ಹೊಸ ನಾಟಕಕ್ಕೆ ವಾದ್ಯದೊಳಗಿನ ಹಳೆಯದನ್ನು ತೆಗೆಯಲೇಬೇಕು.

ಕಾರ್ಯಕ್ರಮಕ್ಕೆ ಹಂಚಿ ನೋಡಿದರೆ ಚಿತ್ರ ಬೇರೆ. ವರ್ಷಕ್ಕೆ 40 ರಾತ್ರಿ, 5 ವರ್ಷ, ಒಟ್ಟು 200 ರಾತ್ರಿ. ಸಣ್ಣದು ರಾತ್ರಿಗೆ 125 ರೂಪಾಯಿ, ದೊಡ್ಡದು 590. ಮಾಸ್ತರನಿಗೆ ರಾತ್ರಿಗೆ 2,000 ಸಿಕ್ಕಿತೆಂದು ಇಟ್ಟುಕೊಂಡರೆ ಮೊದಲನೆಯದು ಅವನ ಗಳಿಕೆಯ ಶೇ 6ರಷ್ಟು ತಿನ್ನುತ್ತದೆ, ಎರಡನೆಯದು ಶೇ 30ರ ಹತ್ತಿರ. ಶೇ 30 ವಾದ್ಯಕ್ಕೇ ಹೋದರೆ ಮನೆಗೆ ಏನು? ಹಾಗಾಗಿ 40 ರಾತ್ರಿ ಸಿಗದವನಿಗೆ ಹೊಸ ದೊಡ್ಡ ವಾದ್ಯ ಬೇಡ ಎಂದೇ ನಾನು ಹೇಳುವುದು. ದೊಡ್ಡ ವರ್ಗದ ಹಳೆಯ ಮಾದರಿ 45,000ಕ್ಕೆ ಕೈಬದಲಾಗಿ ಸಿಕ್ಕರೆ ರಾತ್ರಿಗೆ 225. ಟೋನುಗಳು ನಾಲ್ಕು ವರ್ಷ ಹಳೆಯವು ಎಂದು ಜಾತ್ರೆಯಲ್ಲಿ ಕೂತ ಯಾರಿಗೂ ಗೊತ್ತಾಗುವುದಿಲ್ಲ. ಕೊಳ್ಳುವ ಮುನ್ನ ಮೆಮರಿ ಗುಂಡಿಗಳನ್ನು ಒಂದೊಂದಾಗಿ ಹತ್ತು ಸಲ ಒತ್ತಿ ನೋಡಿ. ಹಳೆಯ ವಾದ್ಯದಲ್ಲಿ ಮೊದಲು ಸವೆಯುವುದು ಹೆಚ್ಚು ಒತ್ತಿಸಿಕೊಂಡ ಗುಂಡಿಯೇ.

ಪೆನ್‌ಡ್ರೈವಿನ ಒಂದು ಮೋಸ ಹೇಳಲೇಬೇಕು. ಮೆಮರಿ ಫೈಲಿನೊಳಗೆ ರಿದಂ ಇರುವುದಿಲ್ಲ, ರಿದಂ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಗೆಳೆಯರಿಂದ ಪಡೆದ ಡೊಳ್ಳಿನ ರಿದಂ ಪೆನ್‌ಡ್ರೈವಿನಲ್ಲಿದ್ದು, ಆ ಪೆನ್‌ಡ್ರೈವ್ ಮನೆಯಲ್ಲೇ ಉಳಿದರೆ, ಅಥವಾ ಫೋಲ್ಡರಿನ ಹೆಸರು ಬದಲಿಸಿದ್ದರೆ, ಗುಂಡಿ ಒತ್ತಿದಾಗ ಟೋನು ಬರುತ್ತದೆ, ಡೊಳ್ಳು ಬರುವುದಿಲ್ಲ. ಒಂದು ರಿದಂ ಫೈಲು 100 ಕೆಬಿ ಎಂದರೂ 8 ಜಿಬಿ ಪೆನ್‌ಡ್ರೈವಿನಲ್ಲಿ 80,000 ಹಿಡಿಯುತ್ತವೆ. ಜಾಗಕ್ಕೆ ಬರವಿಲ್ಲ, ಆದ್ದರಿಂದ ಎಲ್ಲವನ್ನೂ ಒಂದರಲ್ಲೇ ಇಟ್ಟು, ಅದೇ ಫೋಲ್ಡರುಗಳ ಸಮೇತ ಇನ್ನೊಂದಕ್ಕೆ ನಕಲು ಮಾಡಿ ಕಿಸೆಯಲ್ಲಿ ಇಟ್ಟುಕೊಳ್ಳುವುದು ಕೆಲವು ನೂರು ರೂಪಾಯಿಯ ವಿಮೆ.

ಕರೆಂಟು ಹೋದಾಗ

ಹಿರೇಕೆರೂರು ಕಡೆಯ ಒಂದು ಹಳ್ಳಿಯ ನಾಟಕಕ್ಕೆ ವರ್ಷಗಳ ಹಿಂದೆ ನಾನೇ ಕೀಬೋರ್ಡಿಗೆ ಕೂತಿದ್ದೆ. ಮೆಮರಿಯ ಗೋಜು ನನಗೆ ಆಗ ಗೊತ್ತಿರಲಿಲ್ಲ. ಎರಡನೇ ಅಂಕದಲ್ಲಿ ಕರೆಂಟು ಹೋಗಿ, ಹತ್ತು ಸೆಕೆಂಡಿನಲ್ಲಿ ಬಂತು. ವಾದ್ಯ ಮತ್ತೆ ಹೊತ್ತಿಕೊಂಡಾಗ ಹಾಕಿಟ್ಟಿದ್ದ ಕಹಳೆ, ನಗಾರಿ ಎಲ್ಲ ಹೋಗಿ ಮೊದಲನೇ ನಂಬರಿನ ಪಿಯಾನೋ ಬಂದು ಕೂತಿತ್ತು. ನೋಡದೆ ಬಾರಿಸಿದೆ. ಖಳನಾಯಕ ಮೀಸೆ ತಿರುವುತ್ತ, ಜೋಗುಳದಂಥ ಪಿಯಾನೋಗೆ ಹೆಜ್ಜೆ ಹಾಕುತ್ತ ಬಂದ. ಜನ ನಕ್ಕದ್ದು ಅವನನ್ನು ನೋಡಿ; ಸಿಟ್ಟಾದದ್ದು ಅವನು ನನ್ನ ಮೇಲೆ.

ಮೆಮರಿಯಲ್ಲಿ ಇಟ್ಟದ್ದು ಕರೆಂಟಿಗೆ ಅಂಜುವುದಿಲ್ಲ. ಉಳಿಸುತ್ತಿರುವ ಆ ಒಂದೆರಡು ಸೆಕೆಂಡು ಮಾತ್ರ ಸ್ವಿಚ್ಚು ಮುಟ್ಟಬಾರದು. ಬ್ಯಾಟರಿಯ ಲೆಕ್ಕವೂ ಕಷ್ಟದ್ದಲ್ಲ. ಸಣ್ಣ ಮಾದರಿಯ ಅಡಾಪ್ಟರ್ 12 ವೋಲ್ಟ್, 1.5 ಆಂಪ್, ಹೆಚ್ಚೆಂದರೆ 18 ವ್ಯಾಟ್. ದೊಡ್ಡದರ ಅಡಾಪ್ಟರ್ 16 ವೋಲ್ಟ್, 2.4 ಆಂಪ್, 38.4 ವ್ಯಾಟ್. ಕಂಪ್ಯೂಟರಿನ ಸಣ್ಣ ಯುಪಿಎಸ್ಸಿನೊಳಗಿನ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುತ್ತದೆ. ಐದರಲ್ಲೊಂದು ಭಾಗ ಪೋಲಾದರೂ ದೊಡ್ಡ ವಾದ್ಯಕ್ಕೆ ಲೆಕ್ಕದಲ್ಲಿ ಒಂದೂಮುಕ್ಕಾಲು ತಾಸು, ಬ್ಯಾಟರಿ ಹಳತಾದರೆ ಅದರ ಅರ್ಧ. ಹತ್ತು ಸೆಕೆಂಡಿನ ಕಡಿತಕ್ಕೆ ಧಾರಾಳವಾಯಿತು. ಸಣ್ಣ ವಾದ್ಯಕ್ಕೆ ಪೆನ್ಸಿಲ್ ಸೆಲ್ ಹಾಕಿದ್ದೇವೆ ಎಂದು ನಂಬಿ ಕೂರಬೇಡಿ. ಅಡಾಪ್ಟರಿನಿಂದ ಸೆಲ್ಲಿಗೆ ದಾಟುವ ಗಳಿಗೆಯಲ್ಲಿ ಆರಿಹೋಗಬಹುದು.

ಇನ್ನೊಂದು ಅಂಕಿ 30. ಬಾರಿಸದೆ 30 ನಿಮಿಷ ಬಿಟ್ಟರೆ ಸಣ್ಣ ಮಾದರಿಗಳು ತಾವೇ ಆರುವಂತೆ ಕಾರ್ಖಾನೆಯಿಂದ ಹೊಂದಿಸಿ ಬರುತ್ತವೆ. ಮಾತೇ ತುಂಬಿದ ಉದ್ದನೆಯ ಸೀನಿನಲ್ಲಿ, ಮುಖ್ಯ ಅತಿಥಿಗಳ ಭಾಷಣದಲ್ಲಿ, 30 ನಿಮಿಷ ಸುಲಭವಾಗಿ ದಾಟುತ್ತದೆ. ಯಮಾಹಾದ ಸಣ್ಣ ಮಾದರಿಗಳಲ್ಲಿ ಎಡತುದಿಯ ಮನೆಯನ್ನು ಒತ್ತಿ ಹಿಡಿದು ಸ್ವಿಚ್ಚು ಹಾಕಿದರೆ ಈ ಏರ್ಪಾಟು ರದ್ದಾಗುತ್ತದೆ.

ನಾಟಕ ಸಮಿತಿಯವರಲ್ಲಿ ಒಂದು ಕೇಳಿಕೆ. ಒಂದು ಮೆಮರಿಯನ್ನು ಟೋನು ಹುಡುಕಿ, ವೇಗ ಕೂರಿಸಿ, ಹಾಡುವವರ ಶ್ರುತಿ ನೋಡಿ ಉಳಿಸಲು 10 ನಿಮಿಷ ಬೇಕು. 34ಕ್ಕೆ 340 ನಿಮಿಷ, 5 ತಾಸು 40 ನಿಮಿಷ. ಹಾಡಿನ ಪಟ್ಟಿಯನ್ನೂ, ಯಾವುದನ್ನು ಯಾರು ಹಾಡುತ್ತಾರೆಂಬುದನ್ನೂ ತಾಲೀಮಿನ ಮೊದಲ ದಿನವೇ ಮಾಸ್ತರನ ಕೈಗೆ ಕೊಡಿ. ಪರದೆ ಏಳುವ ಸಂಜೆ ಕೊಡಬೇಡಿ.